ಕಲ್ಲಿನ ಬಿಳುಪು ನೋಡುವ ಬಿಲ್ಲೆಯಕ್ಕ

ಬೆಳಕು ಹರಿಯುವ ಹೊತ್ತಿಗೆ ಕುಲುಮೆಯ ಬಾಗಿಲು ತೆರೆಯುತ್ತದೆ. ರಾತ್ರಿಯಿಡೀ ಆರಿದರೂ ಒಳಗಿನ ತಟ್ಟೆ ಇನ್ನೂ ಬೆಚ್ಚಗಿದೆ. ದಪ್ಪ ಕೈಗವಸು ತೊಟ್ಟ ಹೆಂಗಸೊಬ್ಬರು ಅದನ್ನು ಕಿಟಕಿಯ ಬಳಿ ತಂದಿಡುತ್ತಾರೆ. ತಟ್ಟೆಯ ತುಂಬ ಕೋಟಿನ ಗುಂಡಿಯಷ್ಟಗಲದ ಬಿಲ್ಲೆಗಳು. ನಿನ್ನೆ ಪುಡಿಯಾಗಿದ್ದವು ಕರಗಿ ಗಾಜಿನಂತೆ ಹೊಳೆಯುತ್ತಿವೆ. ಒಂದು ಕೆನೆಯಷ್ಟು ಬಿಳುಪು, ಪಕ್ಕದ್ದರ ಮೈತುಂಬ ಕರಿ ಚುಕ್ಕೆ.

"ಇದಕ್ಕೆ ಸಿಡುಬು ಎದ್ದಿದೆ ನೋಡಿ," ಎಂದು ನಗುತ್ತಾ ಅದನ್ನು ಬದಿಗಿಡುತ್ತಾರೆ. ಅಂಗಳದ ಲಾರಿ ಚಾಲಕರು ಇವರನ್ನು ಕರೆಯುವುದು ಬಿಲ್ಲೆಯಕ್ಕ ಎಂದೇ.

ಗಣಿಗಳಿಂದ ಕಲ್ಲು ಕೊಂಡು ದರ್ಜೆವಾರು ಮಾರುವ ಈ ಅಂಗಳಕ್ಕೆ ಬರುವುದು ಫೆಲ್ಡ್‌ಸ್ಪಾರ್ ಎಂಬ ಕಲ್ಲು. ಪಿಂಗಾಣಿಯ ಹೊಳಪಿಗೆ, ನೆಲದ ಟೈಲ್ಸಿಗೆ, ಗಾಜಿಗೆ ಇದು ಬೇಕೇ ಬೇಕು. ಕಬ್ಬಿಣದ ಅಂಶ ತೀರ ಕಡಿಮೆಯಿದ್ದು, ಸುಟ್ಟಾಗ ಬೆಳ್ಳಗೆ ಬಂದರೆ ಮೊದಲ ದರ್ಜೆ. ಬಟ್ಟಲು, ತಟ್ಟೆಗಳ ಕಾರ್ಖಾನೆಗೆ ಹೋಗುತ್ತದೆ. ಕೊಂಚ ಮಾಸಲಾದದ್ದು ಟೈಲ್ಸಿಗೆ. ಚುಕ್ಕೆಯದ್ದು ಬಣ್ಣದ ಬಾಟಲಿಗೆ, ಅದಕ್ಕೆ ಬೆಲೆ ತೀರ ಕಡಿಮೆ. ಪ್ರತಿ ಲಾರಿಯಿಂದ ಒಂದು ಹಿಡಿ ಕಲ್ಲು ಕುಟ್ಟಿ, ನೀರು ಬೆರೆಸಿ, ಅಚ್ಚಿಗೆ ಒತ್ತಿ, ಸುಟ್ಟು ನೋಡುವುದು ಅಕ್ಕನ ಕೆಲಸ.

ಮೊದಲು ಅಮ್ಮನ ಜೊತೆ ಕಲ್ಲಿನ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಕಲ್ಲಿಗಂಟಿದ ಅಭ್ರಕದ, ಅಂದರೆ ಕಾಗೆಬಂಗಾರದ, ಚೂರುಗಳನ್ನು ಬಡಿದು ಬಿಡಿಸುತ್ತಿದ್ದರು. ಮಂಡಿ ಕೈಕೊಟ್ಟ ಮೇಲೆ ಕುಲುಮೆ ಕೋಣೆಗೆ ಬಂದರು. "ಅಲ್ಲಿ ಬಿಸಿಲು, ಇಲ್ಲಿ ಬೆಂಕಿ. ಬಡ್ತಿ ಅಂದ್ರೆ ಇದೇ!"

ಅಪ್ಪ ತೀರಿಕೊಂಡಾಗ ಮನೆಯ ಹೊರೆ ಹೊತ್ತದ್ದು ಅಣ್ಣ. ಕಲ್ಲುಗಣಿಯಲ್ಲಿ ಸುತ್ತಿಗೆ ಹಿಡಿದು ತಂಗಿಯನ್ನು ಓದಿಸಿದ, ಮದುವೆ ಮಾಡಿದ. ಹೋದ ವರ್ಷ ಸ್ವಂತ ಗಣಿ ಗುತ್ತಿಗೆ ಹಿಡಿದು ಮೊದಲ ಲಾರಿ ಕಳಿಸಿದಾಗ ತಾನೇ ಕುಲುಮೆ ಕೋಣೆಯ ಬಾಗಿಲಲ್ಲಿ ಬಂದು ನಿಂತಿದ್ದ.

ಬಿಲ್ಲೆ ಚುಕ್ಕೆ ಚುಕ್ಕೆಯಾಗಿ ಬಂತು. ಅಚ್ಚಿನಲ್ಲೇ ಕೊಳೆಯಿತ್ತೇನೋ ಎಂದು ಅಕ್ಕ ಅಚ್ಚು ತೊಳೆದು, ಬೇರೆ ಹಿಡಿ ಕಲ್ಲು ಕುಟ್ಟಿ ಮತ್ತೆ ಸುಟ್ಟರು. ಮಾರನೆಯ ಬೆಳಿಗ್ಗೆಯೂ ಅದೇ.

"ಮೊದಲನೇ ದರ್ಜೆ ಅಂತ ಹೇಳಿಬಿಡೇ. ಯಾರಿಗೆ ಗೊತ್ತಾಗತ್ತೆ?" ಎಂದ ಅಣ್ಣ.

"ಬಟ್ಟಲು ಸುಟ್ಟಾಗ ಗೊತ್ತಾಗತ್ತಲ್ಲಣ್ಣ. ಒಂದು ಗೂಡಿನ ತುಂಬಾ ಸುಟ್ಟಿದ್ದೆಲ್ಲ ಹಾಳಾಗತ್ತೆ."

ಅಣ್ಣ ತಿರುಗಿ ನೋಡದೆ ಹೋದ. ಅಂದಿನಿಂದ ಮಾತಿಲ್ಲ, ಕತೆಯಿಲ್ಲ. ಅತ್ತಿಗೆ ಮಾತ್ರ ಗಂಡನ ಕಣ್ಣು ತಪ್ಪಿಸಿ ಫೋನ್ ಮಾಡುತ್ತಿದ್ದರು. "ಮನೆಗೆ ಬಂದು ಅತ್ತೆ ಅತ್ತೆ ಅಂತಿದ್ದ ಅಣ್ಣನ ಮಕ್ಕಳೂ ಬರೋದು ಬಿಟ್ರು. ಅದೇ ತಡೆಯೋಕಾಗ್ತಿರಲಿಲ್ಲ," ಎನ್ನುತ್ತಾರೆ ಅಕ್ಕ.

ಈ ಬೇಸಿಗೆಯಲ್ಲಿ ಅಣ್ಣ ಗಣಿಯ ಇನ್ನೊಂದು ಮಗ್ಗುಲಲ್ಲಿ ಅಗೆಸಿದ. ಲಾರಿ ತುಂಬುವ ಮೊದಲೇ ಒಂದು ಕಲ್ಲನ್ನು ಟವೆಲಿನಲ್ಲಿ ಸುತ್ತಿಕೊಂಡು ಬೆಳಿಗ್ಗೆ ಬೆಳಿಗ್ಗೆ ತಂಗಿಯ ಮನೆ ಬಾಗಿಲು ತಟ್ಟಿದ. "ಒಂಚೂರು ಸುಟ್ಟು ನೋಡು," ಎಂದನಂತೆ, ಅಷ್ಟೇ. ಮರುದಿನ ಕುಲುಮೆಯಿಂದ ತೆಗೆದ ಬಿಲ್ಲೆ ಬೆಳ್ಳಗೇನೂ ಇರಲಿಲ್ಲ, ಟೈಲ್ಸಿನ ದರ್ಜೆ. ಅಣ್ಣ ತಲೆಯಾಡಿಸಿ, ಕಾಫಿ ಕುಡಿದು, ಲಾರಿ ತುಂಬಿಸಲು ಹೋದ.

"ಅವತ್ತು ನಾನು ಹೂಂ ಅಂದಿದ್ರೆ ಅಣ್ಣ ಕುಣಿದಾಡ್ತಿದ್ದ," ಎನ್ನುತ್ತಾ ಅಕ್ಕ ಮುಂದಿನ ಲಾರಿಯ ಪುಡಿಯನ್ನು ಅಚ್ಚಿಗೆ ಒತ್ತುತ್ತಾರೆ. "ಆದ್ರೆ ಈ ಸಲ ಕಲ್ಲು ತಗೊಂಡು ನನ್ನ ಹತ್ರ ಬರ್ತಿದ್ನಾ, ಹೇಳಿ?"