ವಿಮಾನ ತೆಗೆದವಳು ನಾನು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಕಿರವತ್ತಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಮನೆ ಯಲ್ಲಾಪುರದಲ್ಲಿ. ಗಂಡ ಅಲ್ಲೇ ಒಂದು ಬ್ಯಾಂಕಿನಲ್ಲಿ ಗುಮಾಸ್ತರು. ಕ್ಯಾಮೆರಾ ಕೊಂಡವರು ಅವರೇ. ಉದ್ದನೆಯ ಲೆನ್ಸು, ಚರ್ಮದ ಚೀಲ ಎಲ್ಲ ಕೂಡಿಸಿಕೊಂಡರು, ಸಿರಸಿಯ ಛಾಯಾಗ್ರಾಹಕರ ಸಂಘಕ್ಕೆ ಸದಸ್ಯರಾದರು, ಎರಡು ತಿಂಗಳಲ್ಲಿ ಬೇಜಾರಾಗಿ ಕಪಾಟಿನಲ್ಲಿಟ್ಟರು. ಅದನ್ನು ಹೊರಗೆ ತೆಗೆದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಆದದ್ದೆಲ್ಲ ಇಷ್ಟನ್ನು ಮರೆತದ್ದರಿಂದಲೇ ಆದದ್ದು.

ಬೆಂಗಳೂರಿನಲ್ಲಿ ಎರಡು ವರ್ಷಕ್ಕೊಮ್ಮೆ ವಿಮಾನಗಳ ಪ್ರದರ್ಶನ ನಡೆಯುತ್ತದೆ. ಮೊದಲ ಸಲ ನಾವಿಬ್ಬರೂ ಹೋದಾಗ ಒಂದು ರೋಲು ಪೂರ್ತಿ ನಾನೇ ತೆಗೆದೆ. ತೊಳೆಸಿ ನೋಡಿದರೆ ಬರೀ ನೀಲಿ ಆಕಾಶ. ಎಲ್ಲೋ ಒಂದರಲ್ಲಿ ಒಂದು ಬಾಲ, ಇನ್ನೊಂದರಲ್ಲಿ ಹೊಗೆ. ಗಂಡ ಪ್ರಿಂಟುಗಳನ್ನು ಇಸ್ಪೀಟಿನಂತೆ ಕೈಯಲ್ಲಿ ಹಿಡಿದು, "ಮೂವತ್ತಾರು ಆಕಾಶ ತೆಗದ್ದೆ ನೋಡು" ಎಂದು ನಕ್ಕರು. ನಾನೂ ನಕ್ಕೆ. ಆದರೆ ನನಗೆ ತಪ್ಪು ಎಲ್ಲಾಗಿದೆ ಎಂದು ಗೊತ್ತಾಗಿತ್ತು. ಎರಡು ವಿಮಾನಗಳು ಎದುರುಬದುರು ಧಾವಿಸಿ ಬಂದು ಮೈ ಸವರುವಂತೆ ದಾಟುತ್ತವಲ್ಲ, ದಾಟಿದ್ದು ಕಣ್ಣಿಗೆ ಕಂಡ ಮೇಲೆ ಗುಂಡಿ ಒತ್ತಿದರೆ ಆಗಲೇ ತಡವಾಗಿರುತ್ತದೆ. ಅದಕ್ಕೆ ಸ್ವಲ್ಪ ಮುಂಚೆಯೇ ಒತ್ತಬೇಕು. ಎಷ್ಟು ಮುಂಚೆ ಎಂಬುದನ್ನು ಕೈ ಕಲಿಯಬೇಕು, ತಲೆಯಲ್ಲ.

ಕಲಿಯಲು ಕಿರವತ್ತಿಯ ಹೆದ್ದಾರಿ ಇತ್ತು. ಶಾಲೆ ಬಿಟ್ಟ ಮೇಲೆ ಯಲ್ಲಾಪುರದ ಬಸ್ಸು ಬರುವ ತನಕ ನಾನು ಧಾಬಾದ ಪಕ್ಕ ನಿಲ್ಲುತ್ತಿದ್ದೆ. ಹುಬ್ಬಳ್ಳಿಗೆ ಹೋಗುವ ಲಾರಿ, ಅಂಕೋಲೆಗೆ ಇಳಿಯುವ ಲಾರಿ, ಎರಡೂ ಒಂದನ್ನೊಂದು ದಾಟುವ ಹೊತ್ತಿಗೆ ಗುಂಡಿ ಒತ್ತುವುದು. ಹೆಚ್ಚಿನ ದಿನ ಕ್ಯಾಮೆರಾದಲ್ಲಿ ರೋಲೇ ಇರುತ್ತಿರಲಿಲ್ಲ. ಧೂಳು ತಿಂದೆ, ಕ್ಲೀನರುಗಳ ಸಿಳ್ಳೆ ಕೇಳಿದೆ. ಧಾಬಾದವನು ಒಂದು ದಿನ, "ಯಾಕ್ರೀ ಟೀಚರ್, ಆರ್‌ಟಿಓದವ್ರ ಕೆಲಸಾನೂ ಹಿಡದೀರೇನು?" ಎಂದು ಕೇಳಿದ. ವಿಮಾನದ ಸಲುವಾಗಿ ಎಂದೆ. ಅವನು ಆಕಾಶ ನೋಡಿದ, ರಸ್ತೆ ನೋಡಿದ, ನನಗೊಂದು ಕುರ್ಚಿ ತಂದುಹಾಕಿದ. ಹೀಗೆ ಎರಡು ವರ್ಷ.

ಮುಂದಿನ ಪ್ರದರ್ಶನದ ದಿನ ಬಿಸಿಲು ನೆತ್ತಿ ಸುಡುತ್ತಿತ್ತು. ಒಂಬತ್ತು ವಿಮಾನಗಳ ತಂಡ ಬಾಣದ ತುದಿಯಂತೆ ಒಟ್ಟಾಗಿ ಬಂದು, ಮೇಲೇರಿ, ಹೂವಿನಂತೆ ಬಿರಿದು ಚದುರಿತು. ಗಂಡ ತಲೆಗೆ ಕರವಸ್ತ್ರ ಹಾಕಿಕೊಂಡು, "ಆನು ಕುಡಿಯಲೆ ಎಂತಾದ್ರೂ ತತ್ತೆ" ಎಂದು ಅಂಗಡಿಗಳ ಕಡೆ ಹೋದರು. ಅವರು ಹೋದ ಮೇಲೆ ಎಡದಿಂದೊಂದು, ಬಲದಿಂದೊಂದು ವಿಮಾನ ತೀರಾ ಕೆಳಗೆ ಬಂದವು. ನಾನು ಉಸಿರು ಹಿಡಿದು ಎಡದ್ದನ್ನೇ ಹಿಂಬಾಲಿಸಿದೆ. ಕೈ ತಾನಾಗಿ ಒತ್ತಿತು. ಆ ಕ್ಷಣ ಕ್ಯಾಮೆರಾದೊಳಗಿನ ಕನ್ನಡಿ ಮೇಲೆದ್ದು ಕಣ್ಣ ಮುಂದೆ ಕಪ್ಪಾಗುತ್ತದೆ. ಹಾಗಾಗಿ ನಾನು ಆ ದಾಟುವಿಕೆಯನ್ನು ಕಾಣಲೇ ಇಲ್ಲ. ಸದ್ದು ಎದೆಯ ಮೇಲೆ ಬಿದ್ದಾಗ ಅವು ದೂರ ಹೋಗಿದ್ದವು. ಸ್ವಲ್ಪ ಹೊತ್ತಿಗೆ ಗಂಡ ಎರಡು ಲೋಟ ಕಬ್ಬಿನ ಹಾಲು ಹಿಡಿದು, ಕರವಸ್ತ್ರ ಹೊದ್ದ ತಲೆ ಬಗ್ಗಿಸಿಕೊಂಡು ಜನರ ನಡುವೆ ಬರುತ್ತಿದ್ದರು. ಅದೂ ಚೆಂದ ಕಂಡಿತು, ಒಂದು ಚಿತ್ರ ತೆಗೆದೆ.

ಹುಬ್ಬಳ್ಳಿಯ ಲ್ಯಾಬಿನಲ್ಲಿ ಪ್ರಿಂಟು ಕೈಗೆ ಬಂತು. ಎರಡು ವಿಮಾನಗಳು ಹೊಟ್ಟೆಗೆ ಹೊಟ್ಟೆ ತಾಗಿಸಿದಂತೆ, ಪೈಲಟ್‌ಗಳ ಹೆಲ್ಮೆಟ್ಟು ಎಣಿಸುವಷ್ಟು ಸ್ಪಷ್ಟವಾಗಿ ನಿಂತಿದ್ದವು. ಲ್ಯಾಬಿನವನು ರಸೀದಿ ಹಿಡಿದಿದ್ದ ನನ್ನನ್ನು ಬಿಟ್ಟು ಗಂಡನ ಕಡೆ ನೋಡಿ, "ಭಾಳ ಛಲೋ ಹೊಡದೀರಿ ಸರ್" ಎಂದ. ಅವರು ಸುಮ್ಮನೆ ಮುಗುಳ್ನಕ್ಕರು. ನಾನು ಸಂತೋಷದಲ್ಲಿ ಅದನ್ನು ಬಿಟ್ಟುಬಿಟ್ಟೆ. ಬಿಡಬಾರದಿತ್ತು.

ಸಿರಸಿಯ ಸಂಘದವರು ಆ ವರ್ಷ ಸ್ಪರ್ಧೆ ಇಟ್ಟಿದ್ದರು. ನಾನು ಪರೀಕ್ಷೆಯ ಪೇಪರು ತಿದ್ದುವುದರಲ್ಲಿ ಮುಳುಗಿದ್ದೆ, ಚಿತ್ರವನ್ನು ದೊಡ್ಡದು ಮಾಡಿಸಿ ಕೊಟ್ಟುಬಂದವರು ಗಂಡ. ಬಹುಮಾನದ ದಿನ ಸಭಾಂಗಣ ತುಂಬಿತ್ತು. ಗುಂಪಿನ ಹಿಂದೆ ನಿಂತು ನನ್ನ ಚಿತ್ರ ನೋಡಿದೆ. ಕೆಳಗೆ ಅಂಟಿಸಿದ ಚೀಟಿ ಅಷ್ಟು ದೂರಕ್ಕೆ ಕಾಣಲಿಲ್ಲ. ಮೊದಲ ಬಹುಮಾನಕ್ಕೆ ಗಂಡನ ಹೆಸರು ಕರೆದರು. ಸಂಘದ ಸದಸ್ಯರು ಅವರು, ನನ್ನ ಪರವಾಗಿ ಹೋಗುತ್ತಿದ್ದಾರೆ ಎಂದೇ ತಿಳಿದೆ. ಶಾಲು ಹೊದಿಸಿ, ಫಲಕ ಕೊಟ್ಟು, ಎರಡು ಮಾತು ಆಡಿ ಎಂದು ಮೈಕು ಮುಂದೆ ಮಾಡಿದರು.

ಅವರು ಗಂಟಲು ಸರಿ ಮಾಡಿಕೊಂಡು ಹೇಳಿದರು: "ಇದು ಒಂದು ದಿನದ ಕೆಲಸವಲ್ಲ. ಎರಡು ವರ್ಷ ಕಿರವತ್ತಿಯ ಹೆದ್ದಾರಿಯಲ್ಲಿ ನಿಂತು, ಲಾರಿಗಳನ್ನು ತೆಗೆದು ಅಭ್ಯಾಸ ಮಾಡಿದ್ದೇನೆ."

ಜನ ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ಕೈ ಹಿಡಿದು, "ನಿಮ್ಮನೆಯವು ರಾಶಿ ಚೊಲೋ ತೆಗದ್ದ" ಎಂದರು. ಚಿತ್ರ ಒಂದೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆನೋ ಏನೋ. ನನ್ನ ಲಾರಿಗಳನ್ನೂ ತೆಗೆದುಕೊಂಡರು. ಆ ಧೂಳು, ಆ ಸಿಳ್ಳೆ, ಆ ಕುರ್ಚಿ ಎಲ್ಲವನ್ನೂ. ಎದ್ದು ನಿಂತು ಹೇಳಬೇಕಿತ್ತು. ನಾನು ಕೂತೇ ಇದ್ದೆ. ಆ ದಿನ ಕೂತದ್ದಕ್ಕೆ ನನ್ನ ಮೇಲೆ ನನಗಿರುವ ಸಿಟ್ಟು, ಅವರ ಮೇಲಿನ ಸಿಟ್ಟಿಗಿಂತ ಕಡಿಮೆಯದೇನಲ್ಲ.

ಮರಳಿ ಬರುವ ಬಸ್ಸಿನಲ್ಲಿ ಫಲಕ ಅವರ ತೊಡೆಯ ಮೇಲಿತ್ತು.

"ಎಂತಕ್ಕೆ ಹಾಂಗೆ ಹೇಳಿದ್ದು?" ಎಂದು ಕೇಳಿದೆ.

"ಫಾರ್ಮಲ್ಲಿ ಸದಸ್ಯರ ಹೆಸರು ಹೇಳಿ ಇತ್ತು. ಸದಸ್ಯ ಆನು. ಈಗ ಎಂತಾತು? ನೀ ಬೇರೆ, ಆನು ಬೇರೆ ಹೇಳಿ ಇದ್ದಾ?"

"ಇಲ್ದೇ ಹೋದ್ರೆ ನಾಳೆಯಿಂದ ನಿಂಗ ಶಾಲೆಗೆ ಹೋಗಿ. ಆನು ಬ್ಯಾಂಕಿಗೆ ಹೋಗ್ತೆ."

ಅವರು ಅತ್ತಿತ್ತ ನೋಡಿ, "ಸಣ್ಣಕೆ ಮಾತಾಡು" ಎಂದರು. ಅವರಿಗೆ ನಾಚಿಕೆಯಾದದ್ದು ಅಷ್ಟಕ್ಕೇ.

ಮುಂದಿನ ಭಾನುವಾರ ನಾನೊಬ್ಬಳೇ ನೆಗೆಟಿವ್ ತೆಗೆದುಕೊಂಡು ಸಿರಸಿಗೆ ಹೋದೆ. ಸಂಘದ ಕಾರ್ಯದರ್ಶಿಗೆ ಪೇಟೆಯಲ್ಲಿ ಫೋಟೊ ಅಂಗಡಿ ಇತ್ತು. ನೆಗೆಟಿವ್ ಪಟ್ಟಿಯನ್ನು ಅವರ ದೀಪದ ಪೆಟ್ಟಿಗೆಯ ಮೇಲಿಟ್ಟೆ. ಎರಡು ವಿಮಾನ ದಾಟುವ ಚಿತ್ರ, ಅದರ ಪಕ್ಕದಲ್ಲೇ ಕಬ್ಬಿನ ಹಾಲು ಹಿಡಿದು ಬರುತ್ತಿರುವ ನನ್ನ ಗಂಡ.

"ಇವರು ಅಲ್ಲಿಂದ ಬರುತ್ತಿದ್ದರೆ ಕ್ಯಾಮೆರಾದ ಹಿಂದೆ ಯಾರಿದ್ದರು ಹೇಳಿ" ಎಂದೆ.

ಅವರು ಭೂತಗನ್ನಡಿ ಹಿಡಿದು ನೋಡಿದರು, ನಕ್ಕರು. ಆಮೇಲೆ, "ಟೀಚರೇ, ಇದು ಮನೆ ವಿಷ್ಯ ಅಲ್ವಾ. ಫಲಕ ಹೆಂಗೂ ನಿಮ್ಮನೇಲೇ ಉಂಟು" ಎಂದರು.

"ಹೆಸರು ನನ್ನದು ಬೇಕು."

"ಹಂಗಾದ್ರೆ ಯಜಮಾನ್ರ ಹತ್ರ ಒಂದು ಪತ್ರ ಬರೆಸಿ ತನ್ನಿ."

ನೆಗೆಟಿವ್ ಕಣ್ಣ ಮುಂದೆ ಇತ್ತು, ತೆಗೆದವಳು ಎದುರಿಗೆ ನಿಂತಿದ್ದಳು. ಆದರೂ ಪತ್ರ ಬೇಕು, ಅದೂ ಕದ್ದವರ ಸಹಿಯ ಪತ್ರ. ಆ ಅಂಗಡಿಯಿಂದ ಬಸ್ ನಿಲ್ದಾಣಕ್ಕೆ ಹೇಗೆ ನಡೆದೆನೋ ನೆನಪಿಲ್ಲ.

ಮನೆಯಲ್ಲಿ ದಿನಾ ಬೆಳಿಗ್ಗೆ ಅವರ ಚಹದ ಪಕ್ಕ ಒಂದು ಬಿಳಿ ಹಾಳೆ, ಒಂದು ಪೆನ್ನು ಇಟ್ಟೆ. ಒಂದು ವಾರ ಅವರು ಹಾಳೆಯನ್ನು ಪೇಪರಿನ ಕೆಳಗೆ ಸರಿಸಿ ಚಹ ಕುಡಿದರು. ಎಂಟನೆಯ ದಿನ ಬರೆದರು: 'ಈ ಚಿತ್ರವನ್ನು ನನ್ನ ಪತ್ನಿಯ ಸಹಕಾರದಿಂದ ತೆಗೆದಿರುತ್ತೇನೆ.' ಅವರ ಎದುರಿಗೇ ಹರಿದೆ. ಮತ್ತೊಂದು ಹಾಳೆ ಇಟ್ಟೆ. ಆಗ ಅವರ ಮುಖ ಕೆಂಪಾಯಿತು, "ನಿಂಗೆ ಆನು ಜನರ ಎದುರು ಸಣ್ಣವ ಆದ್ರೇ ಸಮಾಧಾನ ಅಲ್ದಾ?" ಎಂದರು. ಹೌದು ಎಂದೆ. ಪೆನ್ನು ಎಳೆದುಕೊಂಡು ಬರೆದರು: 'ಚಿತ್ರ ತೆಗೆದವಳು ನನ್ನ ಹೆಂಡತಿ. ನಾನಲ್ಲ.' ಸಹಿ ಹಾಕಿ ಬ್ಯಾಂಕಿಗೆ ಹೊರಟುಹೋದರು. ತಿಂಡಿ ತಿಂದಿರಲಿಲ್ಲ.

ಕಾರ್ಯದರ್ಶಿ ಪತ್ರವನ್ನು ಫೈಲಿಗೆ ಸೇರಿಸಿದರು, ಚೀಟಿ ಬದಲಿಸಿದರು. ಅಷ್ಟು ಹೊತ್ತಿಗೆ ಪ್ರದರ್ಶನ ಮುಗಿದು ಚಿತ್ರಗಳು ಗೋದಾಮು ಸೇರಿದ್ದವು. ಚೀಟಿಯನ್ನು ಓದಿದವರು ನಾನು ಮತ್ತು ಅವರು, ಇಬ್ಬರೇ. ಮತ್ತೆ ಸಭೆಯೂ ಇಲ್ಲ, ಮೈಕೂ ಇಲ್ಲ. ನಾನು ನನ್ನ ಹೆಸರಿನಲ್ಲೇ ಸಂಘಕ್ಕೆ ಸದಸ್ಯಳಾಗಿ ಬಂದೆ.

ಎರಡು ವರ್ಷ ಬಿಟ್ಟು ಮತ್ತೆ ಪ್ರದರ್ಶನ ಬಂದಾಗ ಗಂಡ ಬಾಗಿಲಲ್ಲಿ ನಿಂತು, "ಆನೂ ಬರ್ಲಾ?" ಎಂದು ಕೇಳಿದರು. ಬೇಡ ಎಂದೆ. ನಾನೊಬ್ಬಳೇ ಹೋದೆ. ಆ ಸಲ ಮಬ್ಬು, ಮೋಡ ಕೆಳಗಿಳಿದು, ತಂಡ ಹಾರಲೇ ಇಲ್ಲ. ನೆಲದ ಮೇಲೆ ಸಾಲಾಗಿ ನಿಲ್ಲಿಸಿಟ್ಟ ವಿಮಾನಗಳ ಚಿತ್ರ ತೆಗೆದುಕೊಂಡು ಮರಳಿದೆ.

"ಚೊಲೋದು ಎಂತಾದ್ರೂ ಬಂತಾ?" ಎಂದು ಕೇಳಿದರು.

"ಬಂಜಿಲ್ಲೆ."

ಅವರು ಏನೋ ತಮಾಷೆ ಮಾಡಲು ಬಾಯಿ ತೆರೆದು, ನನ್ನ ಮುಖ ನೋಡಿ, ಚಹಕ್ಕೆ ನೀರಿಡಲು ಒಳಗೆ ಹೋದರು. ಈಗ ಮನೆಗೆ ಬಂದವರು ಗೋಡೆಯ ಮೇಲಿನ ಚಿತ್ರ ನೋಡಿ ಕೇಳಿದರೆ ನನ್ನ ಕಡೆ ಕೈ ತೋರಿಸುತ್ತಾರೆ. ಚೆನ್ನಾಗಿಯೇ ಬಾಳಿದ್ದೇವೆ, ಜಗಳ ಕಡಿಮೆ. ಆದರೆ ಹೆದ್ದಾರಿಯಲ್ಲಿ ಎರಡು ಲಾರಿ ದಾಟುವುದನ್ನು ಕಂಡಾಗೆಲ್ಲ ನನಗೆ ಮೊದಲು ನೆನಪಾಗುವುದು ವಿಮಾನವಲ್ಲ, ಆ ಮೈಕು.