ಎರಡೂ ಕಡೆ ಪ್ಲಸ್

ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ನಾನು ಬ್ಯಾಡಗಿಯಲ್ಲಿ ಭೌತಶಾಸ್ತ್ರದ ಟ್ಯೂಷನ್ ಹೇಳುತ್ತಿದ್ದೆ. ನನ್ನ ಹುಡುಗರಲ್ಲಿ ಅರ್ಧ ಜನ ಹಾವೇರಿಯ ಕಾಲೇಜಿಗೆ, ಇನ್ನರ್ಧ ರಾಣೆಬೆನ್ನೂರಿನ ಕಾಲೇಜಿಗೆ ಹೋಗುವವರು. ಬೆಳಿಗ್ಗೆ ಒಂದೇ ಸ್ಟೇಷನ್ನಿನಲ್ಲಿ ಎದುರುಬದುರು ರೈಲು ಹತ್ತಿ, ಸಂಜೆ ಮೆಣಸಿನಕಾಯಿ ಗೋದಾಮಿನ ಹಿಂದಿನ ನನ್ನ ಕೋಣೆಯಲ್ಲಿ ಒಟ್ಟಿಗೆ ಕೂತು ಸೀನುತ್ತಿದ್ದರು.

ಸಂವೇಗದ ಪಾಠ ಬಂತು. ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದರೆ ಸಂವೇಗ. ಅರ್ಧ ಕಿಲೋ ಚೆಂಡು ಸೆಕೆಂಡಿಗೆ ನಾಲ್ಕು ಮೀಟರಿನಂತೆ ಗೋಡೆಗೆ ಬಡಿದು ಅಷ್ಟೇ ವೇಗದಲ್ಲಿ ವಾಪಸು ಬರುತ್ತದೆ. ಹೋಗುವಾಗ ಪ್ಲಸ್ ಎರಡು, ಬರುವಾಗ ಮೈನಸ್ ಎರಡು, ಬದಲಾವಣೆ ಮೈನಸ್ ನಾಲ್ಕು. ಇಷ್ಟಕ್ಕೇ ಸುಮ್ಮನಿರಬೇಕಿತ್ತು. ಹುಡುಗರಿಗೆ ಹತ್ತಿರವಾಗಲಿ ಎಂದು ಹಲಗೆಯ ಮೇಲೆ ಹಾವೇರಿ ಕಡೆ ಪ್ಲಸ್, ರಾಣೆಬೆನ್ನೂರು ಕಡೆ ಮೈನಸ್ ಎಂದು ಬರೆದೆ.

"ನಮ್ಮ ಕಾಲೇಜಿನ ಕಡೆ ಯಾಕ ಮೈನಸ್ ರೀ ಸರ್?" ಹಿಂದಿನ ಸಾಲು ಎದ್ದು ನಿಂತಿತು.

"ನಮ್ದು ಜಿಲ್ಲಾ ಐತಲೇ," ಎಂದಿತು ಮುಂದಿನ ಸಾಲು.

"ಜಿಲ್ಲಾ ಇದ್ರೇನಾತು? ಹಬ್ಬಕ್ಕ ಅರಿವಿ ತಗೊಳ್ಳಾಕ ರಾಣೆಬೆನ್ನೂರಿಗೇ ಬರ್ತೀರಲ್ಲ!"

ಯಾವ ದಿಕ್ಕು ಪ್ಲಸ್ ಆದರೂ ನಡೆಯುತ್ತದೆ, ಇದು ಬರೀ ನಮ್ಮ ಅನುಕೂಲಕ್ಕೆ ಎಂದೆ. ಆ ಅನುಕೂಲ ಯಾರಿಗೂ ಬೇಕಿರಲಿಲ್ಲ. ಮರುದಿನ ರಾಣೆಬೆನ್ನೂರು ಪಾರ್ಟಿಯಲ್ಲಿ ಒಬ್ಬಳು ಮಾತ್ರ ಬಂದಳು, ಕದರಮಂಡಲಗಿಯಿಂದ ಸೈಕಲ್ ತುಳಿದು ಬರುವ ಹುಡುಗಿ. ಅವಳಿಗೆ ಪಾಠ ಬೇಕಿತ್ತು. ಹೆದರಿ ಚಿಹ್ನೆ ತಿರುವಿ ಬರೆದೆ. ಸುದ್ದಿ ತಿಳಿದು ರಾಣೆಬೆನ್ನೂರಿನವರು ಬಂದರು, ಹಾವೇರಿಯವರು ಎದ್ದು ಹೋದರು. ನನ್ನ ಮನೆ ನಡೆಯುತ್ತಿದ್ದುದು ಎರಡೂ ಪಾರ್ಟಿಯಿಂದ.

ಮೂರನೆಯ ದಿನ ಧಾರಾಳವಾಗಿ ಎರಡೂ ಕಡೆ ಪ್ಲಸ್ ಕೊಟ್ಟುಬಿಟ್ಟೆ. ಎರಡರಲ್ಲಿ ಎರಡು ಕಳೆದರೆ ಸೊನ್ನೆ. ಚೆಂಡು ಗೋಡೆಗೆ ಬಡಿದು ಬಂದರೂ ಏನೂ ಆಗಿರಲಿಲ್ಲ. ಇಡೀ ಕೋಣೆ ಖುಷಿಯಿಂದ ಬರೆದುಕೊಂಡಿತು. ಮುಂದಿನ ವಾರ ಸರಿಮಾಡಿದರಾಯಿತು ಎಂದುಕೊಂಡೆ, ಮಾಡಲಿಲ್ಲ.

ಪರೀಕ್ಷೆ ಹೊತ್ತಿಗೆ ಎರಡೂ ಪಾರ್ಟಿಯವರು ಜಾಣರಾಗಿ ಗೈಡು ಓದಿದರು. ಆ ಹುಡುಗಿ ನನ್ನ ನೋಟ್ಸ್ ಓದಿದಳು. ಸೊನ್ನೆ ಎಂದು ಬರೆದಳು. ಕಾಲೇಜಿನ ಮಾಸ್ತರರು ತಪ್ಪು ಎಂದಾಗ, "ನಮ್ಮ ಟ್ಯೂಷನ್ ಸರ್ ಹೇಳ್ಯಾರ್ರಿ, ತಪ್ಪಿರೂದಿಲ್ಲ" ಎಂದು ನನ್ನ ಪರ ವಾದ ಮಾಡಿ, ಇಡೀ ಕ್ಲಾಸಿನ ಮುಂದೆ ನಗೆಪಾಟಲಾದಳು.

ಅಂದು ಸಂಜೆ ಎಲ್ಲರೂ ಹೋಗುವ ತನಕ ಕಾದು, ಉತ್ತರಪತ್ರಿಕೆಯನ್ನು ನನ್ನ ಮುಂದಿಟ್ಟಳು.

"ಸರ್, ನಿಮಗೂ ಗೊತ್ತಿರಲಿಲ್ಲೇನ್ರಿ?"

ಗೊತ್ತಿರಲಿಲ್ಲ ಎಂದಿದ್ದರೆ ಕ್ಷಮಿಸುತ್ತಿದ್ದಳೇನೋ.

"ಗೊತ್ತಿತ್ತವ್ವಾ," ಎಂದೆ. ಅವಳು ಪತ್ರಿಕೆಯನ್ನು ಮಡಚಿ ಚೀಲದಲ್ಲಿಟ್ಟುಕೊಂಡು ಹೊರಟಳು.

ಮರುದಿನದಿಂದ ಅವಳು ಬರಲಿಲ್ಲ. ಉಳಿದವರು ಒಬ್ಬರೂ ತಪ್ಪಿಸಲಿಲ್ಲ.