ಗೌರಕ್ಕನ ಮನೆಗೆ ಬಂದವರು

ಗೌರಕ್ಕ ನಡೆಯುತ್ತಿದ್ದುದು ರಸ್ತೆಯ ನಟ್ಟನಡುವೆ. ತಿ. ನರಸೀಪುರದ ಸಂತೆಬೀದಿಯಲ್ಲಿ ಹಿಂದಿನಿಂದ ಲಾರಿ ಹಾರನ್ ಹೊಡೆದರೂ ಅವರು ಸರಿಯುತ್ತಿದ್ದುದು ತಮ್ಮ ಪುರುಸೊತ್ತಿನಲ್ಲೇ. "ನಮ್ಮವ್ವ ಸಾಯೋಗಂಟ ಅಂಚ್ನಲ್ಲೇ ನಡುದ್ಲು ಕಣವ್ವ. ನನ್ ಕೈಲಿ ಆಗಕಿಲ್ಲ," ಎನ್ನುತ್ತಿದ್ದರು.

ನಾನು ಆಗಷ್ಟೇ ಪ್ರಾಥಮಿಕ ಶಾಲೆಯ ಕೆಲಸಕ್ಕೆ ಸೇರಿದ್ದೆ. ಅವರ ಮನೆಯ ಮುಂಭಾಗದ ಕೋಣೆ ಬಾಡಿಗೆಗೆ ಸಿಕ್ಕಿತ್ತು. ಗಂಡ ತೀರಿಹೋಗಿ, ಮಕ್ಕಳಿಲ್ಲದೆ ಅವರು ಒಬ್ಬರೇ ಇದ್ದರು. ನಾಟಿ, ಕಳೆ, ಕಬ್ಬು ಕಡಿಯುವ ಕೂಲಿಯಲ್ಲಿ ಬದುಕಿದವರು. ಕಮ್ಯುನಿಸ್ಟ್ ಪಕ್ಷದ ಸದಸ್ಯೆ, ಕೂಲಿಕಾರರ ಸಂಘದ ಮುಖಂಡೆ. ಮೂರು ಸಲ ಚುನಾವಣೆಗೆ ನಿಂತು ಮೂರು ಸಲವೂ ಸೋತಿದ್ದರು. ಆದರೂ ನಾಟಿಯ ಕಾಲದಲ್ಲಿ ಕೂಲಿ ತೀರ್ಮಾನವಾಗುವವರೆಗೆ ಗೌರಕ್ಕ ಬೇಡವೆಂದರೆ ಒಬ್ಬ ಹೆಂಗಸೂ ಗದ್ದೆಗೆ ಇಳಿಯುತ್ತಿರಲಿಲ್ಲ. ಚುನಾವಣೆ ಹತ್ತಿರ ಬಂದಾಗ ಬೇರೆ ಪಕ್ಷಗಳ ದೊಡ್ಡವರೂ ಬಂದು ಅವರ ಜಗಲಿಯ ಮೇಲೆ ಕೂತು ಹೋಗುತ್ತಿದ್ದರು. ಎರಡು ಬೀದಿಯ ಓಟು ಆ ಜಗಲಿಯಲ್ಲಿತ್ತು.

ಅವರು ಓದಿದ್ದು ನಾಲ್ಕನೆಯ ಕ್ಲಾಸು. ತಾಲ್ಲೂಕು ಆಫೀಸಿಗೆ ಅರ್ಜಿ ಬರೆಯುವುದು ನನ್ನ ಪಾಲಿಗೆ ಬಂತು. ಮೊದಲ ಅರ್ಜಿಯ ಕೊನೆಗೆ ರೂಢಿಯಂತೆ 'ಇಂತಿ ತಮ್ಮ ವಿಧೇಯ' ಎಂದು ಬರೆದು ಓದಿ ಹೇಳಿದೆ.

"ವಿಧೇಯ ಅಂದ್ರೇನವ್ವ?"

"ಹೇಳಿದ ಹಾಗೆ ಕೇಳೋರು ಅಂತ, ಅಕ್ಕ."

"ತಗುದಾಕು ಅದ. ಅವ್ರು ಯೋಳ್ದಂಗೆ ಕೇಳೋದಾದ್ರೆ ಅರ್ಜಿ ಯಾಕ್ ಬರಿಬೇಕು? 'ಇಂತಿ ಗೌರಮ್ಮ' ಅಂತ ಬರಿ ಸಾಕು."

ಹೀಗೆ ನಗುನಗುತ್ತಲೇ ಒಂದೂವರೆ ವರ್ಷ ಕಳೆಯಿತು. ಅಷ್ಟರಲ್ಲಿ ಮಲೆನಾಡಿನ ಕಾಡುಗಳಲ್ಲಿ ಬಂದೂಕು ಹಿಡಿದು ಓಡಾಡುವವರ ಸುದ್ದಿ ಪೇಪರಿನಲ್ಲಿ ಬರತೊಡಗಿತು. ಗುಂಡೇಟು, ಹೆಣಗಳ ಫೋಟೊ. ಕಾಡು ನಮ್ಮಿಂದ ದೂರವಿತ್ತು. ಆದರೆ ಕೆಂಪು ಬಾವುಟ ಹಿಡಿದವರನ್ನೆಲ್ಲ ಜನ ಒಂದೇ ಕಣ್ಣಿನಿಂದ ನೋಡಲು ಶುರುಮಾಡಿದರು. ಮನೆಯೆದುರಿನ ಟೀ ಅಂಗಡಿಯಲ್ಲಿ ಪೊಲೀಸರ ಹಾಗೆ ಕ್ರಾಪು ಕತ್ತರಿಸಿಕೊಂಡ ಅಪರಿಚಿತನೊಬ್ಬ ದಿನವೂ ಬಂದು ಕೂರುತ್ತಿದ್ದ. ನಮ್ಮ ಹೆಡ್‌ಮಾಸ್ಟರು ಒಂದು ದಿನ ತಗ್ಗಿದ ದನಿಯಲ್ಲಿ, "ನಿಮ್ದಿನ್ನೂ ಪ್ರೊಬೇಷನ್ನು ಕಣಮ್ಮ. ಬೇರೆ ರೂಮ್ ನೋಡ್ಕೊಳ್ಳಿ," ಎಂದರು. ಅಂದಿನಿಂದ ಅರ್ಜಿ ಬರೆಯಲು ಕೂತರೆ ಬಾಗಿಲು ಹಾಕಿಕೊಳ್ಳುತ್ತಿದ್ದೆ.

ಒಂದು ಭಾನುವಾರ ಮಧ್ಯಾಹ್ನ ಇಬ್ಬರು ಬಂದರು. ಒಬ್ಬನಿಗೆ ಇಪ್ಪತ್ತೈದು ಇರಬಹುದು, ಇನ್ನೊಬ್ಬ ಸ್ವಲ್ಪ ದೊಡ್ಡವನು. ದೊಡ್ಡವನು ತನ್ನ ಉದ್ದನೆಯ ಚೀಲವನ್ನು ನೆಲಕ್ಕಿಡದೆ ತೊಡೆಯ ಮೇಲೇ ಇಟ್ಟುಕೊಂಡು ಮುದ್ದೆ ಉಂಡ. ನಾನು ನನ್ನ ಕೋಣೆಯಲ್ಲಿ ಬಾಗಿಲು ಒರಗಿಸಿಕೊಂಡು ಕೂತಿದ್ದೆ. ಅವರ ಮಾತೆಲ್ಲ ಕೇಳುತ್ತಿತ್ತು.

"ನಾಕು ದಿನ ಇರೋಕೆ ಜಾಗ ಬೇಕಿತ್ತಕ್ಕ."

"ಅಸ್ಕೊಂಡು ಬಂದ್ರಿ, ಉಂಡ್ರಿ. ಇನ್ನು ಒಂಟೋಗಿ."

"ನಾವೂ ನೀವೂ ಒಂದೇ ಬಾವುಟದವರಲ್ವ?"

"ಬಾವುಟ ಒಂದೇ ಇರ್ಬೋದು. ನಾನು ಜನುಕ್ಕೆ ಕೈ ಮುಗ್ದು ಓಟು ಕೇಳೋಳು. ನೀವು ಬಂದೂಕ ತೋರ್ಸಿ ಕೇಳೋರು."

ದೊಡ್ಡವನು ನಕ್ಕ. "ಮೂರು ಸಲ ಕೈ ಮುಗಿದ್ರಲ್ಲ, ಏನು ಬಂತು? ಮೂರು ಸಲವೂ ಸೋತ್ರಿ."

"ಸೋತೆ ಕಣಪ್ಪ. ಸೋತ್ರೆ ನಾನೊಬ್ಳು ಸೋತೆ. ಯಾರ್ ಮನೇಲೂ ಎಣ ಬೀಳ್ನಿಲ್ಲ."

ದೊಡ್ಡವನು ಎದ್ದು ಚೀಲ ಹೆಗಲಿಗೇರಿಸಿದ. ಆಮೇಲೆ ಅವನು, "ನಾವು ಬಂದಿದ್ದು ಹೊರಗೆ ಹೋದ್ರೆ ಯಾರಿಂದ ಹೋಯ್ತು ಅಂತ ನಮಗೆ ಗೊತ್ತಾಗುತ್ತೆ," ಎಂದ. ಇಬ್ಬರೂ ಹೊರಟುಹೋದರು.

ನಾನು ಈಚೆ ಬಂದಾಗ ಗೌರಕ್ಕ ಗೋಡೆಗೆ ಒರಗಿ ಕೂತಿದ್ದರು. ನೀರು ಕೊಟ್ಟರೆ ಚೊಂಬು ಹಿಡಿಯಲಾಗದೆ ಸೆರಗೆಲ್ಲ ಒದ್ದೆಯಾಯಿತು.

"ಎದ್ರಿಕೆ ಆಯ್ತದೆ ಕಣವ್ವ. ಅವ್ರು ನಮ್ಮುನ್ನ ದ್ರೋಹಿ ಅಂತರೆ. ಪೊಲೀಸ್ನೋರು ನಮ್ಮುನ್ನೇ ಅವ್ರು ಅಂತರೆ. ಎತ್ಲಾಗ್ ಓಗಾದು?"

ಮೂರನೆಯ ದಿನ ಟೀ ಅಂಗಡಿಯಲ್ಲಿ ಕೂರುತ್ತಿದ್ದ ಆ ಕ್ರಾಪಿನವನು ಶಾಲೆಗೇ ಬಂದ. ಹೆಡ್‌ಮಾಸ್ಟರ ಕೋಣೆಯಲ್ಲಿ ನನ್ನನ್ನು ಕೂರಿಸಿ ಒಂದು ಹಾಳೆ ಮುಂದಿಟ್ಟ.

"ಭಾನುವಾರ ಆ ಮನೆಗೆ ಹೊಸಬರು ಬಂದಿದ್ರಾ ಮೇಡಂ?"

"ಬಂದಿದ್ರು."

"ಊಟ ಹಾಕಿದ್ರಾ?"

"ಹಾಕಿದ್ರು. ಆದ್ರೆ ಆಮೇಲೆ…"

"ಕೇಳಿದಷ್ಟು ಬರೀರಿ, ಸಾಕು. ನಿಮ್ ಪ್ರೊಬೇಷನ್ ಯಾವಾಗ ಮುಗಿಯುತ್ತೆ?"

ಕೇಳಿದಷ್ಟೇ ಬರೆದೆ. ಇಬ್ಬರು ಬಂದರು, ಗೌರಮ್ಮ ಊಟ ಹಾಕಿದರು. ಕೆಳಗೆ ಸಹಿ ಮಾಡಿದೆ. ಮಾರನೆಯ ಬೆಳಿಗ್ಗೆ ಜೀಪು ಬಂದು ಗೌರಕ್ಕನನ್ನು ವಿಚಾರಣೆಗೆಂದು ಕರೆದುಕೊಂಡು ಹೋಯಿತು. ಅವರು ಜೀಪು ಹತ್ತುವಾಗ ಇಡೀ ಬೀದಿಯ ಬಾಗಿಲುಗಳು ಮುಚ್ಚಿದ್ದವು. ಅದರಲ್ಲಿ ನನ್ನದೂ ಒಂದು.

ನಾಲ್ಕನೆಯ ದಿನ ಅವರನ್ನು ಬಿಟ್ಟರು. ಅಷ್ಟರೊಳಗೆ ನಾನು ಟ್ರಂಕು, ಹಾಸಿಗೆ ಹೊತ್ತು ಬೇರೆ ಬೀದಿಗೆ ಹೋಗಿಬಿಟ್ಟಿದ್ದೆ. ಯಾರೂ ಹೊಡೆಯಲಿಲ್ಲವಂತೆ, ಕೇಸೂ ಹಾಕಲಿಲ್ಲವಂತೆ. ಆದರೆ ಸಂಘದ ಸಭೆಗೆ ಜನ ಬರುವುದು ನಿಂತುಹೋಯಿತು. ಆ ವರ್ಷದ ನಾಟಿಗೆ ಹೆಂಗಸರು ಕೊಟ್ಟಷ್ಟು ಕೂಲಿಗೆ ಇಳಿದರು. ಜಗಲಿಗೆ ಬರುತ್ತಿದ್ದ ದೊಡ್ಡವರು ಆ ಬೀದಿಯನ್ನೇ ಬಿಟ್ಟರು. ಗೌರಕ್ಕ ಮನೆಗೆ ಬೀಗ ಹಾಕಿ ಬನ್ನೂರಿನ ಕಡೆಯ ಹಳ್ಳಿಯಲ್ಲಿದ್ದ ತಂಗಿಯ ಮನೆ ಸೇರಿದರು. ನನ್ನ ಪ್ರೊಬೇಷನ್ ಮುಗಿಯಿತು. ನಂಜನಗೂಡಿಗೆ ವರ್ಗವಾಯಿತು. ಕೆಂಪು ಬಾವುಟದ ಮೆರವಣಿಗೆ ಕಂಡರೆ ಬಸ್ಸಿನೊಳಗಿದ್ದರೂ ತಲೆ ತಗ್ಗಿಸುತ್ತಿದ್ದೆ.

ಮುಂದಿನ ಚುನಾವಣೆಯಲ್ಲಿ ನನಗೆ ಬಿದ್ದ ಡ್ಯೂಟಿ ಬನ್ನೂರಿನ ಕಡೆಯ ಹಳ್ಳಿಯೊಂದರ ಶಾಲೆಯಲ್ಲಿ. ಬೆರಳಿಗೆ ಶಾಯಿ ಹಚ್ಚುವ ಕೆಲಸ. ಹನ್ನೊಂದರ ಹೊತ್ತಿಗೆ ಪಕ್ಕದ ಅಧಿಕಾರಿ ಕ್ರಮಸಂಖ್ಯೆ ಓದಿ, "ಗೌರಮ್ಮ," ಎಂದು ಕೂಗಿದರು. ಏಜೆಂಟರ ಬೆಂಚಿನಿಂದ ಒಬ್ಬ, "ಓ, ನಕ್ಸಲೈಟಮ್ಮ ಬಂದ್ಲು," ಎಂದ. ಉಳಿದವರು ನಕ್ಕರು.

ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವರು ಯಾರ ಕಡೆಗೂ ನೋಡದೆ ಬಂದು ನನ್ನೆದುರು ಕೈ ಚಾಚಿದರು. ಆ ಬೆರಳು ಹಿಡಿದಾಗ ಶಾಯಿ ಉಗುರು ದಾಟಿ ಹರಿಯಿತು. ಅವರು ಬಾಗಿ, ನನಗೊಬ್ಬಳಿಗೇ ಕೇಳುವಂತೆ ಹೇಳಿದರು:

"ಉಣ್ಣಕ್ಕಿಕ್ದೆ ಅಂತ ಬರ್ದಿದ್ಯಲ್ಲ, ಅದ ಓದಿ ಯೋಳುದ್ರು. ಓಗಿ ಅಂತ ಕಳುಸ್ದೆ ಅನ್ನಾದ್ನೂ ಬರೀಬೇಕಾಗಿತ್ತು ಕಣವ್ವ."

ಸಿಟ್ಟಿರಲಿಲ್ಲ. ಮಗುವಿನ ಲೆಕ್ಕದಲ್ಲಿ ತಪ್ಪು ತೋರಿಸುವ ದನಿ ಅದು. 'ಅಕ್ಕ' ಎನ್ನಲು ಬಾಯಿ ತೆರೆದೆ. ಬೆಂಚಿನ ಮೇಲಿದ್ದವರೆಲ್ಲ ನಮ್ಮಿಬ್ಬರನ್ನೇ ನೋಡುತ್ತಿದ್ದರು.

ಮತ್ತೆರಡು ವರ್ಷಕ್ಕೆ ಗೌರಕ್ಕ ತೀರಿಕೊಂಡರೆಂದು ಯಾರೋ ಹೇಳಿದರು. ಅಂದು ಬೂತಿನಲ್ಲಿ ನಾನು ಅವರಿಗೆ ಹೇಳಿದ್ದು ಎರಡೇ ಮಾತು: "ಮುಂದೆ ಹೋಗಿ."